ಸಂಜೆಯ ಮೇಲೆ ನೀರು ಬೇಡ

ಮಾವನ ತೂಕ ನಲವತ್ತಮೂರು ಕೆಜಿ ಎಂದು ಆಸ್ಪತ್ರೆಯವರು ಹೇಳಿದಾಗ ಮನೆಯವರು ಯಾರೂ ನಂಬಲಿಲ್ಲ. ಮಗನಂತೂ ನರ್ಸಿನ ಕೈಯಲ್ಲಿದ್ದ ಹಾಳೆಗೆ ಬಗ್ಗಿ ನೋಡಿ, "ಇದು ಬೇರೆ ಯಾರದ್ದೋ ಇರಬೇಕು, ಇನ್ನೊಂದು ಸಲ ನೋಡಿ ಸಿಸ್ಟರ್," ಅಂದ. ನರ್ಸು ಹಾಳೆಯ ಮೇಲ್ತುದಿಯಲ್ಲಿದ್ದ ಹೆಸರನ್ನು ಪೆನ್ನಿನಿಂದ ತೋರಿಸಿದಳು. ಹೆಸರು ಸರಿಯಾಗಿಯೇ ಇತ್ತು.

ಸೊಸೆ ಗೋಡೆಗೆ ಆನಿಕೊಂಡು ನಿಂತಿದ್ದಳು. ಕೆಲಸದ ನಡುವೆ ಲಾಂಡ್ರಿಯಿಂದ ಹಾಗೇ ಓಡಿ ಬಂದಿದ್ದಳು. ಗಿರಾಕಿಗಳ ಬಟ್ಟೆಗೆ ಚುಚ್ಚುವ ನಂಬರಿನ ಚೀಟಿಗಳು ಇನ್ನೂ ಏಪ್ರನ್ನಿನ ಜೇಬಿನಲ್ಲೇ ಇದ್ದವು. ನಲವತ್ತಮೂರು ಅನ್ನುವುದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಒಂದು ಟ್ರಾಲಿ ಅದಕ್ಕಿಂತ ಹೆಚ್ಚು ತೂಗುತ್ತದೆ. ಹಾಗನ್ನಿಸಿತು, ಅಷ್ಟೆ. ಅದರಾಚೆ ಏನೂ ಅನ್ನಿಸಲಿಲ್ಲ.

ಮಾವ ಅಂದರೆ ಅಂಥಿಂಥ ಆಳಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು. ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೂ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತಂತೆ. "ನೀನು ಊಟ ಮಾಡಿ ಹತ್ತಿದ್ರೆ ಬಸ್ಸು ಒಂದು ಕಡೆ ವಾಲುತ್ತೆ ಮಾರಾಯ," ಎಂದು ಕಂಡಕ್ಟರು ರೇಗಿಸುತ್ತಿದ್ದನಂತೆ. ಇದನ್ನೆಲ್ಲ ಅವರೇ ಹೇಳಿಕೊಂಡು ನಗುತ್ತಿದ್ದರು. ಹೆಂಡತಿ ಹೋಗಿ ನಾಲ್ಕು ವರ್ಷವಾದರೂ ಊಟಕ್ಕೆ ಕೂತರೆ ತಟ್ಟೆಯ ಸದ್ದು ಮೂರನೇ ಮನೆಗೆ ಕೇಳಬೇಕು, ಹಾಗೆ ಉಣ್ಣುವವರು.

ಅಂಥವರನ್ನು ಅವತ್ತು ಮಧ್ಯಾಹ್ನ ಶಾಲೆಯಿಂದ ಬಂದ ಮೊಮ್ಮಗಳು ಕುರ್ಚಿಯಲ್ಲಿ ಒಂದು ಕಡೆಗೆ ಜಾರಿಕೊಂಡಿದ್ದ ಸ್ಥಿತಿಯಲ್ಲಿ ನೋಡಿದಳು. ಹದಿನಾಲ್ಕರ ಹುಡುಗಿ, ಬಾಯಿ ತೆರೆದರೆ ಗಲಗಲ ಅನ್ನುತ್ತಾಳೆಂದು ಅಜ್ಜನೇ ಅವಳಿಗೆ ಚಿಲ್ಲರೆ ಎಂದು ಹೆಸರಿಟ್ಟಿದ್ದರು. ಅವಳು ಲಾಂಡ್ರಿಗೆ ಫೋನ್ ಮಾಡಿ, "ಅಮ್ಮ, ಅಜ್ಜ ಸ್ಟಾಪ್ ಕೂಗ್ತಿದ್ದಾರೆ. ಯಾರು ಇಳಿಯೋರು, ಯಾರು ಇಳಿಯೋರು ಅಂತಿದ್ದಾರೆ. ಮೈ ಸುಡ್ತಿದೆ," ಅಂದಿದ್ದಳು.

ಡಾಕ್ಟರು ಹೊರಗೆ ಬಂದು ಟೆಲಿಗ್ರಾಂ ಓದಿದ ಹಾಗೆ ಚುಟುಕಾಗಿ ಹೇಳಿದ. "ಎದೆಯಲ್ಲಿ ಸೋಂಕು. ರಕ್ತಕ್ಕೂ ಹೋಗಿದೆ. ಬಿ.ಪಿ. ನಿಲ್ತಿಲ್ಲ. ಕಿಡ್ನಿ ಕೆಲಸ ನಿಲ್ಲಿಸಿದೆ."

"ಕಿಡ್ನಿನಾ?" ಅಂದ ಮಗ. ಅವನು ಲಿಫ್ಟ್ ರಿಪೇರಿಯವನು. ಕೆಟ್ಟಿದ್ದು ಯಾವ ಭಾಗ ಅಂತ ಮೊದಲು ಕೇಳುವ ಅಭ್ಯಾಸ. "ಹೋದ ತಿಂಗಳು ತಾನೆ ಟೆಸ್ಟ್ ಮಾಡಿಸಿದ್ವಿ. ನಾರ್ಮಲ್ ಅಂತ ಬಂದಿತ್ತಲ್ಲ."

"ಕ್ರಿಯಾಟಿನಿನ್ ನೋಡಿರ್ತಾರೆ. ಅದು ಮಾಂಸಖಂಡದಿಂದ ಬರೋದು. ಮೈಯಲ್ಲಿ ಮಾಂಸವೇ ಇಲ್ಲದವರಿಗೆ ಕಿಡ್ನಿ ಸೋತಿದ್ದರೂ ಅಂಕಿ ಒಳ್ಳೇದೇ ತೋರಿಸಬಹುದು. ಊಟ ಸರಿಯಾಗಿ ಮಾಡ್ತಿದ್ರಾ?"

"ಮಾಡ್ತಿದ್ರು."

"ನೀರು?"

ಮಗ ಹೆಂಡತಿಯ ಕಡೆ ನೋಡಿದ.

"ಕುಡೀತಿದ್ರು," ಅಂದಳು ಸೊಸೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೂರು ತಿಂಗಳ ಹಿಂದೆ ಮಾವನ ಹಾಸಿಗೆ ಒದ್ದೆಯಾಗತೊಡಗಿತ್ತು. ವಯಸ್ಸಿಗೆ ಆಗುವುದೇ. ಮೊದಲ ಸಲ ಅವರೇ ಹಾಸನ್ನು ಬಚ್ಚಲಲ್ಲಿ ನೆನೆಹಾಕಿ, ಹಿಂಡಲಾಗದೆ ಹಾಗೇ ಬಿಟ್ಟಿದ್ದರು. ಸೊಸೆ ಏನೂ ಅನ್ನದೆ ಒಗೆದು ಹಾಕಿದಳು. ಎರಡನೆಯ ಸಲವೂ ಒಗೆದಳು. ವಾರದಲ್ಲಿ ನಾಲ್ಕು ದಿನ ಹೀಗೇ ಆಯಿತು. ಲಾಂಡ್ರಿಯಲ್ಲಿ ಹೋಟೆಲುಗಳಿಂದ ಬರುವ ಇನ್ನೂರು ಮುನ್ನೂರು ಹಾಸುಗಳನ್ನು ಕೊಡವಿ, ಕಲೆ ನೋಡಿ, ಬೇರೆ ಮಾಡುವುದೇ ಅವಳ ಕೆಲಸ. ಐದನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿದ್ದಳು. ಮಾವನ ಕೋಣೆಯಿಂದ ವಾಸನೆ ಬಂತು. ಚಪ್ಪಲಿ ಕಾಲಲ್ಲೇ ಒಳಗೆ ಹೋದಳು.

"ಮಾವ, ಸಂಜೆ ಮೇಲೆ ನೀರು ಕುಡಿಯೋದು ಬೇಡ. ನನ್ನ ಕೈಲಿ ಆಗಲ್ಲ. ಊರವರ ಹೊಲಸೆಲ್ಲ ಒಗೆದು ಬಂದು ಮನೇಲೂ ಅದನ್ನೇ ಒಗೀಬೇಕಾ?"

ಮಾವ ಮಂಚದ ಅಂಚಿನಲ್ಲಿ ಕೂತಿದ್ದರು. ಪಂಚೆಯ ಒದ್ದೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು.

"ಆಯ್ತಮ್ಮ," ಅಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೆ ಆಗ ಏನೂ ಹೋದ ಹಾಗೆ ಕಾಣಲಿಲ್ಲ. ವಾರದೊಳಗೆ ಹಾಸಿಗೆ ಒಣಗಿಯೇ ಇರತೊಡಗಿತು. ಹೇಳಿದ್ದು ಒಳ್ಳೆಯದೇ ಆಯಿತು, ಬಾಯಿಬಿಟ್ಟು ಹೇಳಿದರೆ ಯಾವುದೂ ಕಷ್ಟವಲ್ಲ ಎಂದು ಲಾಂಡ್ರಿಯಲ್ಲಿ ಜೊತೆಯವಳ ಹತ್ತಿರ ಹೇಳಿಕೊಂಡೂ ಇದ್ದಳು.

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಅಪರೂಪ. ಯಾವ ಕಟ್ಟಡದಲ್ಲಿ ಯಾರು ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೋ, ಗಂಡನಿಗೆ ಹೊತ್ತುಗೊತ್ತಿಲ್ಲ. ಅವಳಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ಮಾವನ ಊಟ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು. ಬಂದು ನೋಡಿದರೆ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ತೊಳೆದ ತಟ್ಟೆ ಕಂಡವರು ಊಟವಾಯಿತು ಅಂದುಕೊಳ್ಳುತ್ತಾರೆ.

*

ನಾದಿನಿ ಸುದ್ದಿ ಕೇಳಿದ ಮರುದಿನವೇ ಒಂದು ಚೀಲ ಬಟ್ಟೆ ತಂದು ಅಣ್ಣನ ಮನೆಯಲ್ಲೇ ಉಳಿದಳು. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇರುವವಳು. ಮಾತಿನಲ್ಲಿ ಎಳ್ಳಷ್ಟೂ ಸಡಿಲ ಇಲ್ಲ. ಕಡತಕ್ಕೆ ಮೊಳೆ ಹೊಡೆದ ಹಾಗೆ ಮಾತಾಡುತ್ತಾಳೆ. ಮೊದಲ ದಿನ ಸಂಜೆ ಊಟಕ್ಕೆ ಕೂತಾಗಲೇ ಶುರುವಾಯಿತು.

"ಒಂದೇ ಮನೇಲಿ ಇದ್ದುಕೊಂಡು ಮನುಷ್ಯ ಅರ್ಧ ಆಗಿದ್ದು ಕಾಣಲಿಲ್ವಾ ಅಣ್ಣ?"

"ನಿಂಗೆ ಕಂಡಿತ್ತಾ? ತಿಂಗಳಿಗೊಂದು ಸಲ ಬಂದು ಚಹಾ ಕುಡಿದು ಹೋಗ್ತಿದ್ದೆಯಲ್ಲ."

"ನಾನು ಬಂದಾಗೆಲ್ಲ ಸ್ವೆಟರ್ ಹಾಕ್ಕೊಂಡಿರ್ತಿದ್ರು."

"ನಮ್ಮ ಮುಂದೇನೂ ಅದನ್ನೇ ಹಾಕ್ಕೊಂಡಿರ್ತಿದ್ರು."

"ಅತ್ತಿಗೆ, ನೀನಾದ್ರೂ ಬಡಿಸೋವಾಗ..."

"ಬಡಿಸೋಕೆ ನಾನೆಲ್ಲಿ ಇರ್ತಿದ್ದೆ," ಅಂದಳು ಸೊಸೆ. ಹೇಳಿ ಎದ್ದು ಗಂಜಿಯ ಪಾತ್ರೆ ತಂದು ನಾದಿನಿಗೆ ಬಡಿಸಿದಳು.

ಚಿಲ್ಲರೆ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಬೆರಳಲ್ಲಿ ಒತ್ತುತ್ತ ಕೂತಿದ್ದಳು. "ಅಜ್ಜ ಮೊಟ್ಟೆ ನಂಗೆ ಕೊಡ್ತಿದ್ರು," ಅಂದಳು.

"ಯಾವಾಗ?"

"ದಿನಾ. ನೀನು ಬೆಳೆಯೋಳು, ನಾನು ಬೆಳೆದು ಮುಗಿಸಿದೋನು ಅಂತ. ಬ್ರೆಡ್ಡು ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಹಾಕ್ತಿದ್ರು. ಮಧ್ಯಾಹ್ನದ ಊಟ ಕೆಳಗಡೆ ಕಾವಲಿನವನ ನಾಯಿಗೆ."

ಮೇಜಿನ ಸುತ್ತ ಯಾರೂ ಅಗಿಯಲಿಲ್ಲ.

"ಮೊದಲೇ ಹೇಳಬಾರದಿತ್ತಾ? ಮುಚ್ಚಿಟ್ಟುಕೊಂಡು ಕೂತಿದ್ದೀಯಲ್ಲ," ಎಂದು ಅಪ್ಪ ಸಿಡುಕಿದ.

"ಕೇಳಿದ್ರಾ ಯಾರಾದ್ರೂ?"

"ಬಾಯಿಗೆ ಬಾಯಿ ಕೊಡಬೇಡ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡ ಅಣ್ಣ," ಅಂದಳು ನಾದಿನಿ. "ಮಗೂನ ಯಾಕೆ ಅಂತೀಯ. ಯಾಕೆ ತಿನ್ನೋದು ಬಿಟ್ರು, ಅದನ್ನ ಯೋಚನೆ ಮಾಡು."

ಸೊಸೆ ಪಾತ್ರೆಯ ಮುಚ್ಚಳ ಹಾಕಿದಳು. ಹೊಟ್ಟೆಗೆ ಹೋಗದಿದ್ದರೆ ಹೊರಗೂ ಬರುವುದಿಲ್ಲ. ಅಷ್ಟು ಸರಳ. ಅದು ಅವಳಿಗೆ ಆ ಕ್ಷಣವೇ ತಿಳಿಯಿತು. ತಿಳಿದರೂ ಮೈಯಲ್ಲಿ ಏನೂ ಅಲುಗಾಡಲಿಲ್ಲ. ಪಾತ್ರೆಗಳನ್ನು ಸಿಂಕಿಗೆ ಹಾಕಿ ನೀರು ಬಿಟ್ಟಳು.

*

ಐ.ಸಿ.ಯು.ಗೆ ದಿನಕ್ಕೆ ಎರಡು ಸಲ ಬಿಡುತ್ತಿದ್ದರು, ಒಬ್ಬೊಬ್ಬರನ್ನೇ, ಅರ್ಧರ್ಧ ಗಂಟೆ. ಮಾವನ ಬಾಯಲ್ಲಿ ಉಸಿರಿನ ಕೊಳವೆ, ಮೂಗಿನಲ್ಲಿ ಊಟದ ಸಣ್ಣ ಕೊಳವೆ, ಕುತ್ತಿಗೆಯಲ್ಲಿ ಡಯಾಲಿಸಿಸ್ಸಿನ ದಪ್ಪ ಕೊಳವೆ. ಮಂಚದ ಪಕ್ಕದಲ್ಲಿ ಮೂತ್ರದ ಚೀಲ ತೂಗುತ್ತಿತ್ತು. ಅದರಲ್ಲಿ ಚಹಾದ ಬಣ್ಣದ್ದು ತಳ ಒದ್ದೆಯಾಗುವಷ್ಟು.

ನಾಲ್ಕನೆಯ ದಿನ ಪಥ್ಯದ ವಿಭಾಗದಿಂದ ಒಬ್ಬಾಕೆ ಬಂದಳು. ಊಟದ ಮೇಡಂ ಎಂದು ನರ್ಸುಗಳು ಕರೆಯುತ್ತಿದ್ದರು. ಟೈಲರನ ಟೇಪಿನಂಥದ್ದನ್ನು ಮಾವನ ತೋಳಿಗೆ ಸುತ್ತಿ ಅಂಕಿ ಬರೆದುಕೊಂಡು, ಮನೆಯವರನ್ನು ಹೊರಗಿನ ಬೆಂಚಿನ ಹತ್ತಿರ ಕರೆದಳು.

"ಮೂಗಿನ ಕೊಳವೆಯಲ್ಲಿ ಊಟ ಕೊಡ್ತಿದೀವಿ. ಸದ್ಯಕ್ಕೆ ಸ್ವಲ್ಪವೇ."

"ಸ್ವಲ್ಪ ಯಾಕೆ? ಉಪವಾಸ ಇದ್ದೋರಿಗೆ ಹೊಟ್ಟೆತುಂಬ ಕೊಡಿ," ಅಂದ ಮಗ.

"ಬಹಳ ದಿನ ಹಸಿದಿದ್ದ ದೇಹಕ್ಕೆ ಒಂದೇ ಸಲ ಕೊಟ್ರೆ ಹೃದಯದ ಬಡಿತ ತಪ್ಪಬಹುದು. ಹತ್ತು ದಿನದಲ್ಲಿ ಏರಿಸ್ತೀವಿ."

ನಾದಿನಿ ಫೋನಿನಲ್ಲಿ ಓದಿಕೊಂಡು ಬಂದಿದ್ದಳು. "ಕಿಡ್ನಿ ಕೆಟ್ಟೋರಿಗೆ ಪ್ರೋಟೀನ್ ಕೊಡಬಾರದಂತಲ್ಲ. ನೀವು ಮೊಟ್ಟೆ ಪುಡಿ ಬೆರೆಸ್ತಿದೀರಂತೆ."

"ಅದು ಮನೇಲಿ ನಡೆದಾಡ್ತಿರೋ, ಹಳೇ ಕಿಡ್ನಿ ಕಾಯಿಲೆಯವರ ಮಾತು. ಇವರಿಗೆ ಡಯಾಲಿಸಿಸ್ ಮಾಡ್ತಿದೀವಿ, ಅದರ ಜೊತೆ ಪ್ರೋಟೀನೂ ತೊಳೆದು ಹೋಗುತ್ತೆ. ಈಗ ಕಮ್ಮಿ ಮಾಡಿದ್ರೆ ದೇಹ ತನ್ನ ಮಾಂಸವನ್ನೇ ತಿನ್ನುತ್ತೆ. ಈಗಾಗಲೇ ತಿಂದು ಮುಗಿಸಿದೆ." ಅವಳು ಒಂದು ಹಾಳೆ ಕೊಟ್ಟಳು. "ಕಳೆದ ಒಂದು ತಿಂಗಳು ಏನೇನು ತಿಂದ್ರು, ಎಷ್ಟು ನೀರು ಕುಡಿದ್ರು, ನೆನಪಿದ್ದಷ್ಟು ಬರೆದುಕೊಡಿ. ಅಂದಾಜು ಬೇಡ."

ಬರೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಮನೆಗೆ ಬಂದು ಮೇಜಿನ ಮೇಲೆ ಹಾಳೆ ಹಾಸಿದಳು. ಬೆಳಿಗ್ಗೆ ಚಹಾ, ಎರಡು ಬ್ರೆಡ್ಡು, ಒಂದು ಮೊಟ್ಟೆ ಎಂದು ಬರೆದಳು. ಚಿಲ್ಲರೆ ಪಕ್ಕದಲ್ಲಿ ನಿಂತು ಪೆನ್ಸಿಲಿನಿಂದ ಬ್ರೆಡ್ಡನ್ನು ಹೊಡೆದು ಹಾಕಿದಳು. ಮೊಟ್ಟೆಯನ್ನೂ ಹೊಡೆದಳು.

"ಚಹಾ?"

"ಅರ್ಧ ಕುಡಿದು ಗಿಡಕ್ಕೆ."

ಮಧ್ಯಾಹ್ನ ಅನ್ನ, ಬೇಳೆ, ತರಕಾರಿ ಎಂದು ಬರೆದಳು. ಮಗಳು ಮೂರನ್ನೂ ಹೊಡೆದಳು. ಸಂಜೆ ಹಾಲು. ಅದಕ್ಕೂ ಗೆರೆ ಬಿತ್ತು. ರಾತ್ರಿಯ ಗಂಜಿಯನ್ನು ನಾಲ್ಕು ಚಮಚ ಎಂದು ತಿದ್ದಿದಳು. ಕೊನೆಗೆ ಆ ಹಾಳೆಯಲ್ಲಿ ಉಳಿದದ್ದು ಅರ್ಧ ಲೋಟ ಚಹಾ, ನಾಲ್ಕು ಚಮಚ ಗಂಜಿ.

"ನೀರಿನ ಕಾಲಂ ಖಾಲಿ ಇದೆ," ಅಂದಳು ಮಗಳು.

"ನಾನು ಬರೀತೀನಿ. ನೀನು ಹೋಗಿ ಓದ್ಕೊ."

ಸೊಸೆ ಅಲ್ಲಿ 'ಸಾಧಾರಣ' ಎಂದು ಬರೆದಳು.

*

ಮುಂದಿನ ಎರಡು ವಾರ ಆ ಮನೆಯಲ್ಲಿ ನಡೆದ ಮಾತೆಲ್ಲ ಮೂತ್ರದ್ದೇ. ಬೆಳಗಿನ ಹೊತ್ತಿನಲ್ಲಿ ಆಸ್ಪತ್ರೆಗೆ ಹೋದವರು ಮಿಕ್ಕವರಿಗೆ ಫೋನ್ ಮಾಡಿ ಮೊದಲು ಹೇಳಬೇಕಾದದ್ದು ಅದೇ.

"ಎಷ್ಟು?"

"ಅರವತ್ತು ಎಂ.ಎಲ್."

"ಇಡೀ ದಿನಕ್ಕಾ?"

"ಇಡೀ ದಿನಕ್ಕೆ."

ಮರುದಿನ ಎಪ್ಪತ್ತು. ಅದರ ಮರುದಿನ ಮತ್ತೆ ನಲವತ್ತು. ಡಯಾಲಿಸಿಸ್ ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಮಗ ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದಾಗಲೂ ಜೇಬಿನ ಫೋನು ನಡುಗಿದರೆ ಗ್ರೀಸ್ ಕೈಯಲ್ಲೇ ತೆಗೆಯುತ್ತಿದ್ದ. ಒಂದು ಸಂಜೆ ಊಟಕ್ಕೆ ಕೂತು, "ಜೀವಮಾನದಲ್ಲಿ ಯಾರ ಉಚ್ಚೆಗೂ ಇಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ," ಅಂದ. ನಾದಿನಿಗೆ ನಗು ಬಂತು. ನಗುತ್ತ ನಗುತ್ತ ಅತ್ತಳು. ಸೊಸೆ ಅವಳಿಗೆ ಕೈ ಒರೆಸುವ ಬಟ್ಟೆ ಕೊಟ್ಟಳು.

ಲಾಂಡ್ರಿಯಲ್ಲಿ ಅವಳು ಎಂದಿನಂತೆ ಹಾಸು ಬೇರೆ ಮಾಡುತ್ತಿದ್ದಳು. ಕಲೆ ಇದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. ಜೊತೆಯವಳು, "ನಿಮ್ಮ ಮಾವಂಗೆ ಹೇಗಿದೆ?" ಎಂದು ಕೇಳಿದರೆ, "ನೂರ ಇಪ್ಪತ್ತು," ಅನ್ನುತ್ತಿದ್ದಳು. ಜೊತೆಯವಳಿಗೆ ಏನೆಂದು ಅರ್ಥವಾಗುತ್ತಿರಲಿಲ್ಲ. ಅಳು ಬರಲಿ ಎಂದು ಅವಳು ಒಂದೆರಡು ಸಲ ಸ್ಟೀಮಿನ ಯಂತ್ರದ ಹಿಂದೆ ಹೋಗಿ ನಿಂತದ್ದೂ ಉಂಟು. ಬರಲಿಲ್ಲ. ಬರೀ ಬೆವರು ಬಂತು.

ಒಂಬತ್ತನೆಯ ದಿನ ನಾದಿನಿ ಸ್ನಾನಕ್ಕೆ ಹೋಗಿದ್ದಾಗ ಸೊಸೆ ಗಂಡನಿಗೆ ಹೇಳಿದಳು. ಅವನು ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದ.

"ಮಾವಂಗೆ ಸಂಜೆ ಮೇಲೆ ನೀರು ಕುಡೀಬೇಡಿ ಅಂದಿದ್ದೆ ರೀ. ಹಾಸಿಗೆ ಒದ್ದೆ ಆಗ್ತಿತ್ತಲ್ಲ, ಆವಾಗ."

ಅವನು ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದು ನುಂಗಿದ. "ಯಾವಾಗ?"

"ಮೂರು ತಿಂಗಳಾಯ್ತು. ಗಟ್ಟಿಯಾಗೇ ಅಂದೆ."

"ಅದಕ್ಕೇನಾ ಇದೆಲ್ಲ?"

"ಗೊತ್ತಿಲ್ಲ."

ಅವನು ಬಚ್ಚಲ ಬಾಗಿಲ ಕಡೆ ನೋಡಿದ. ಒಳಗೆ ನೀರು ಬೀಳುವ ಸದ್ದಾಗುತ್ತಿತ್ತು. "ಡಾಕ್ಟ್ರಿಗೆ ಹೇಳೋದೇನೂ ಬೇಡ. ಅವಳಿಗಂತೂ ಹೇಳಲೇಬೇಡ. ಜೀವನಪೂರ್ತಿ ಕುಕ್ಕಿ ತಿಂತಾಳೆ ನಿನ್ನ." ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿ, "ನಾನೂ ಅದೇ ಕೋಣೆ ಮುಂದೆ ದಿನಾ ಓಡಾಡ್ತಿದ್ದೆ," ಅಂದ. ತಟ್ಟೆಯಲ್ಲಿ ಇನ್ನೂ ಬ್ರೆಡ್ಡು ಇತ್ತು. ಎದ್ದು ಕೈ ತೊಳೆದುಕೊಂಡ.

ಮರುದಿನ ಹನ್ನೊಂದು ಗಂಟೆಗೆ ಅವಳು ಒಬ್ಬಳೇ ಆಸ್ಪತ್ರೆಗೆ ಹೋಗಿ ಊಟದ ಮೇಡಂ ಅನ್ನು ಹುಡುಕಿದಳು. ಅವಳು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಹಾಲಿನ ಪುಡಿಯ ಡಬ್ಬ ಎಣಿಸುತ್ತಿದ್ದಳು.

"ಆ ಹಾಳೆಯಲ್ಲಿ ನೀರು ಸಾಧಾರಣ ಅಂತ ಬರೆದಿದ್ದೆ. ಅದು ಸುಳ್ಳು. ಸಂಜೆ ಮೇಲೆ ಬೇಡ ಅಂತ ನಾನೇ ಹೇಳಿದ್ದೆ. ಆಮೇಲೆ ಬೆಳಿಗ್ಗೆನೂ ಕುಡೀತಿರಲಿಲ್ಲ ಅನ್ಸುತ್ತೆ."

"ಎಷ್ಟು ದಿನದಿಂದ?"

"ಮೂರು ತಿಂಗಳು."

ಮೇಡಂ ಹಾಳೆ ಹುಡುಕಿ ತೆಗೆದು, ಸಾಧಾರಣ ಅನ್ನುವುದನ್ನು ಹೊಡೆದು, ಪಕ್ಕದಲ್ಲಿ ಏನೋ ಬರೆದಳು. ತಲೆ ಎತ್ತಲಿಲ್ಲ. "ಸರಿ."

"ಅದರಿಂದಾನೇ ಆಯ್ತಾ?"

"ಸೋಂಕು ಬಂದಿದ್ದು ಅದರಿಂದ ಅಲ್ಲ. ಆದ್ರೆ ಮೈಯಲ್ಲಿ ನೀರೂ ಇರಲಿಲ್ಲ, ಶಕ್ತೀನೂ ಇರಲಿಲ್ಲ. ಸೋಂಕು ಬಂದಾಗ ತಡೆಯೋಕೆ ಏನೂ ಉಳಿದಿರಲಿಲ್ಲ. ಇದೂ ಒಂದು ಕಾರಣ. ಇದೊಂದೇ ಅಲ್ಲ." ಆಮೇಲೆ ತಲೆ ಎತ್ತಿದಳು. "ಹಾಸಿಗೆ ಒದ್ದೆ ಆಗೋದಕ್ಕೂ ಔಷಧಿ ಇದೆ. ಕೇಳೋರು ಕಮ್ಮಿ."

ಹೇಳಿದ ಮೇಲೆ ಏನೋ ಕುಸಿದು ಬೀಳುತ್ತದೆ, ಇಲ್ಲವೇ ಹಗುರಾಗುತ್ತದೆ ಅಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ಬಸ್ಸು ಹಿಡಿದು ಹೋದಳು.

*

ಹದಿಮೂರನೆಯ ದಿನ ಚೀಲದಲ್ಲಿ ನಾನ್ನೂರು ಬಂತು. ಅದರ ಮರುದಿನ ಒಂಬೈನೂರು. ಡಾಕ್ಟರು ಕುತ್ತಿಗೆಯ ಕೊಳವೆ ತೆಗೆಸಿದ. "ಕಿಡ್ನಿ ಎದ್ದು ಕೂತಿದೆ," ಅಂದ. ಆದರೆ ಮಾವನಿಗೆ ಏಳುವುದಕ್ಕಾಗಲಿಲ್ಲ. ಉಸಿರಿನ ಯಂತ್ರ ಬಿಡಿಸಲು ಇನ್ನೂ ಎಂಟು ದಿನ ಬೇಕಾಯಿತು. ಎದೆಯ ಎಲುಬನ್ನು ಎತ್ತಿ ಇಳಿಸಲು ಬೇಕಾದ ಮಾಂಸವೂ ಮೈಯಲ್ಲಿ ಉಳಿದಿರಲಿಲ್ಲ. ವಾರ್ಡಿಗೆ ಬಂದ ಮೇಲೆ ಚಮಚ ಹಿಡಿದರೆ ಚಮಚವೇ ಭಾರ. ಕೈ ಬಾಯಿಯ ಅರ್ಧ ದಾರಿಗೆ ಬಂದು ನಡುಗಿ ನಿಲ್ಲುತ್ತಿತ್ತು.

"ಊಟ ಬಲ್ಲವನಿಗೆ ರೋಗವಿಲ್ಲ ಅಂತ ದೊಡ್ಡದಾಗಿ ಹೇಳ್ತಿದ್ದೆ," ಎಂದು ಮಾವ ಮೊದಲ ಸಲ ಮಾತಾಡಿದ್ದು ಮೊಮ್ಮಗಳ ಹತ್ತಿರ. ದನಿ ಕಾಗದ ಉಜ್ಜಿದ ಹಾಗಿತ್ತು.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾನೂ ಹೇಳ್ತಿದ್ರಿ. ಈಗ ಬಾಯಿ ತೆಗೀರಿ," ಅಂದಳು ಚಿಲ್ಲರೆ, ಚಮಚ ಹಿಡಿದು.

ಇಪ್ಪತ್ತಾರನೆಯ ದಿನ ಮನೆಗೆ ಕಳಿಸುತ್ತೇವೆ ಅಂದರು. ನಡೆಯುವ ಹಾಗಿಲ್ಲ, ಎರಡೆರಡು ಗಂಟೆಗೆ ತಿನ್ನಿಸಬೇಕು, ಗುಟುಕು ಗುಟುಕಾಗಿ ಕುಡಿಸಬೇಕು, ಕುಡಿದದ್ದು ಹೋದದ್ದು ಎರಡನ್ನೂ ಬರೆದಿಡಬೇಕು. ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಮೂವರೂ ಮಂಚದ ಸುತ್ತ ನಿಂತಿದ್ದರು.

"ನಾನು ಕರ್ಕೊಂಡು ಹೋಗ್ತೀನಿ," ಅಂದಳು ನಾದಿನಿ. "ಎರಡು ತಿಂಗಳು ರಜ ಬರೆದು ಕೊಟ್ಟು ಬಂದಿದೀನಿ."

"ಅಪ್ಪ ನಮ್ಮನೇಲಿ ಇರೋದು," ಅಂದ ಮಗ. "ಜನ ಏನಂತಾರೆ?"

"ಜನ ಬಂದು ತಿನ್ನಿಸ್ತಾರಾ?"

"ನಮ್ಮಿಂದ ಆಗಲ್ಲ ಅಂದ್ಯಾ ನೀನು?"

"ಆಗಿದ್ದು ನೋಡಿದ್ನಲ್ಲ."

ಮಾವ ಕಣ್ಣು ಮುಚ್ಚಿ ಮಲಗಿದ್ದರು. ಎಚ್ಚರವಿದ್ದರು. ರೆಪ್ಪೆ ಅಲುಗುತ್ತಿತ್ತು.

ಸೊಸೆ ಮಂಚದ ಕಂಬಿ ಹಿಡಿದುಕೊಂಡಳು. "ಮಾವ, ಎಲ್ಲಿ ಹೋಗಬೇಕು ಅನ್ನೋದನ್ನ ನೀವೇ ಹೇಳಿ. ಅದಕ್ಕೆ ಮುಂಚೆ ಒಂದು ಮಾತು. ನೀವು ನೀರು ಬಿಟ್ಟಿದ್ದು, ಊಟ ಬಿಟ್ಟಿದ್ದು ನಾನು ಅವತ್ತು ಹಾಗಂದಿದ್ದಕ್ಕೆ. ಇವಳಿಗೆ ಗೊತ್ತಿಲ್ಲ. ಗೊತ್ತಿರಲಿ ಅಂತ ಹೇಳ್ತಿದೀನಿ."

ಗಂಡ ಕಿಟಕಿಯ ಕಡೆ ತಿರುಗಿದ.

"ಏನಂದಿದ್ದೆ?" ಅಂದಳು ನಾದಿನಿ.

ಸೊಸೆ ಅಂದಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಊರವರ ಹೊಲಸು ಅನ್ನುವುದನ್ನೂ ಬಿಡಲಿಲ್ಲ. ಪಕ್ಕದ ಮಂಚದ ರೋಗಿಯ ಹೆಂಡತಿ ಕಿತ್ತಳೆ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.  ಕಡತಕ್ಕೆ ಮೊಳೆ ಹೊಡೆದ ಹಾಗೆ ಮಾತಾಡುವ ನಾದಿನಿ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಮಾವ ಕಣ್ಣು ತೆರೆದರು. "ನೀನಂದಿದ್ದು ಸಂಜೆ ಮೇಲೆ," ಅಂದರು. ಉಸಿರು ತೆಗೆದುಕೊಂಡರು. "ಬೆಳಿಗ್ಗೆ ಬಿಟ್ಟೋನು ನಾನು. ಮೂವತ್ತೊಂದು ವರ್ಷ ನೀರು ಕುಡೀದೇನೇ ಟ್ರಿಪ್ ಹೊಡೆದಿದೀನಿ. ನಡುವೆ ಬಸ್ಸು ನಿಲ್ಲಿಸಿ ಇಳಿಯೋ ಹಾಗಿತ್ತಾ? ಇದೂ ಹಾಗೇ ಅಂದ್ಕೊಂಡೆ."

ಪಕ್ಕದ ಮಂಚದವಳು ಮತ್ತೆ ಕಿತ್ತಳೆ ಬಿಡಿಸತೊಡಗಿದಳು.

"ಬೇಜಾರಾಗಿತ್ತು ಅನ್ನೋದು ಸುಳ್ಳಲ್ಲ," ಅಂದರು ಮಾವ. "ನೀನು ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದೆ ನೋಡು. ಅದು."

"ಹೌದು," ಅಂದಳು ಸೊಸೆ.

"ಮಗಳ ಮನೆಗೆ ಹೋಗ್ತೀನಿ. ನಿನ್ನ ಮೇಲೆ ಸಿಟ್ಟಲ್ಲ. ನಂಗೆ ಸ್ವಲ್ಪ ದಿನ ಬೇರೆ ಕೋಣೆ ಬೇಕು."

*

ಮಾವ ಮಗಳ ಮನೆಗೆ ಹೋದ ಮೇಲೆ ಇಲ್ಲಿ ಕೆಲಸ ಕಡಿಮೆಯಾಯಿತು. ಗಂಡ ಕೋಣೆಯ ಮಂಚವನ್ನು ಗೋಡೆಗೆ ಸರಿಸಿ ತನ್ನ ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡ. ಎರಡು ದಿನದ ಮೇಲೆ ತಾನೇ ಅದನ್ನು ತೆಗೆದ. ಭಾನುವಾರ ಭಾನುವಾರ ಅವನೂ ಚಿಲ್ಲರೆಯೂ ಹೋಗಿ ನೋಡಿ ಬರುತ್ತಿದ್ದರು. ಸೊಸೆ ಹೋಗಲಿಲ್ಲ. ಅಲ್ಲಿಂದ ಯಾರೂ ಕರೆಯಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಆದರೆ ಪ್ರತಿದಿನ ಸಂಜೆ ನಾದಿನಿ ಫೋನ್ ಮಾಡಿ, ಕುಶಲ ಕೇಳದೆ, ಹಾಳೆ ನೋಡಿ ಓದುತ್ತಿದ್ದಳು.

"ಬೆಳಿಗ್ಗೆ ಒಂದು ಮೊಟ್ಟೆ, ಹಾಲು ನೂರೈವತ್ತು. ಹತ್ತಕ್ಕೆ ಬಾಳೆಹಣ್ಣು ಅರ್ಧ. ಮಧ್ಯಾಹ್ನ ಮೀನು ಎರಡು ತುಂಡು, ಅನ್ನ ಒಂದು ಬಟ್ಟಲು. ನೀರು ಒಟ್ಟು ಒಂದೂವರೆ ಲೀಟರ್. ಹೋಗಿದ್ದು ಸಾವಿರದ ಇನ್ನೂರು."

"ಸರಿ," ಅನ್ನುತ್ತಿದ್ದಳು ಸೊಸೆ. ಅಷ್ಟರಲ್ಲಿ ಫೋನು ಇಟ್ಟ ಸದ್ದು.

ತಂಗಿ ಇದನ್ನು ಅವಳಿಗೆ ಯಾಕೆ ಓದಿ ಹೇಳುತ್ತಾಳೆ ಎಂದು ಗಂಡನಿಗೆ ಅರ್ಥವಾಗಲಿಲ್ಲ. "ಚುಚ್ಚೋಕೆ ಇರಬೇಕು," ಅಂದ. ಸೊಸೆಗೂ ಅರ್ಥವಾಗಲಿಲ್ಲ, ಆದರೂ ಆ ಹೊತ್ತಿಗೆ ಒಲೆ ಆರಿಸಿ ಫೋನಿನ ಹತ್ತಿರ ಕೂರುತ್ತಿದ್ದಳು.

ಐದು ವಾರವಾಗಿತ್ತು. ಮಾವನ ತೂಕ ನಲವತ್ತೆಂಟಕ್ಕೆ ಬಂದಿತ್ತು. ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಹೋಗುತ್ತಾರಂತೆ. ಒಂದು ಶನಿವಾರ ಮಧ್ಯಾಹ್ನ, ಎಂದಿನ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂತು. ಸೊಸೆ ಪಾಳಿ ಮುಗಿಸಿ ಬಂದು, ಏಪ್ರನ್ನೂ ಬಿಚ್ಚದೆ ತಟ್ಟೆಗೆ ಅನ್ನ ಹಾಕಿಕೊಂಡಿದ್ದಳು.

"ಅತ್ತಿಗೆ," ಅಂದಳು ನಾದಿನಿ. ಹಾಳೆ ಓದುವ ದನಿಯಾಗಿರಲಿಲ್ಲ.

"ಹೇಳು."

"ಮಧ್ಯಾಹ್ನದ ಊಟ ದಿಂಬಿನ ಕೆಳಗೆ ಬಚ್ಚಿಟ್ಟಿದ್ರು. ಮೀನು. ನಾನು ಇಡೀ ಬೆಳಿಗ್ಗೆ ನಿಂತು ಮುಳ್ಳು ತೆಗೆದಿದ್ದೆ. ಹಾಸಿಗೆಯೆಲ್ಲ ಎಣ್ಣೆ."

"ಹೂಂ."

"ಬೈದುಬಿಟ್ಟೆ. ನಿಮ್ಮ ಹೆಣಾನೂ ನಾನೇ ಹೊರಬೇಕಾ ಅಂದೆ." ಆಮೇಲೆ ದನಿ ಇಳಿಸಿದಳು. "ನೀನು ಅಂದಿದ್ದಕ್ಕಿಂತ ಕೆಟ್ಟದಾಗಿ ಅಂದೆ. ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ನಾನು ಅಂಥವಳಲ್ಲ ಅತ್ತಿಗೆ."

 ಅತ್ತ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು.

"ಅವರು ಏನಂದ್ರು?"

"ಆಯ್ತಮ್ಮ ಅಂದ್ರು."

ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು. "ಆಮೇಲೆ ಏನಾದ್ರೂ ತಿಂದ್ರಾ?"

"ಇಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಾನು ಅಡುಗೆಮನೇಲಿ ನಿಂತಿದೀನಿ. ಒಳಗೆ ಹೋಗೋಕೆ ಆಗ್ತಿಲ್ಲ."

"ಹೋಗು. ಈಗಲೇ ಹೋಗಿ ಹತ್ತಿರ ಕೂತ್ಕೊ. ಮಾತಾಡಬೇಕು ಅಂತೇನಿಲ್ಲ. ಎದ್ದು ಮಾತ್ರ ಬರಬೇಡ."

"ಬೈತಾರೆ ಅಂತ ಅಲ್ಲ, ಅವರು ಬೈಯೋದೇ ಇಲ್ಲವಲ್ಲ..."

"ಗೊತ್ತು. ಕೂತ್ಕೊ. ನಾನು ಬರ್ತಿದೀನಿ."

"ಎರಡು ಬಸ್ಸು ಬದಲಾಯಿಸಬೇಕು. ಬರೋ ಹೊತ್ತಿಗೆ ನಾಲ್ಕಾಗುತ್ತೆ."

"ಆಗಲಿ," ಅಂದಳು ಸೊಸೆ. ಅನ್ನದ ತಟ್ಟೆ ಮುಚ್ಚಿ, ಒಲೆ ನೋಡಿ, ಬೀಗದ ಕೈ ತೆಗೆದುಕೊಂಡು, ಕೆಳಗಿನ ಮೆಟ್ಟಿಲಿಗೆ ಇಳಿಯುತ್ತ ಇಳಿಯುತ್ತಲೇ ಏಪ್ರನ್ ಬಿಚ್ಚಿದಳು.